ಮಂಜುಶ್ರೀಗೆ ಒಂದು ಮೊರ

ಬಿಸಿಲೆ, ೧೯೯೮

ಅಕ್ಕನ ಮಗಳು ಮಂಜುಶ್ರೀಗೆ ಗುಂಡಯ್ಯಮಾವನ ಆಶೀರ್ವಾದ.

ಇಲ್ಲಿ ಎಲ್ಲರೂ ಹಾರಾಡ್ಕೊಂಡು ಚೆನ್ನಾಗವ್ರೆ. ಮೊರದ ಮೇಲೆ ಕೂತು ಘಾಟಿ ದಾಟೋದ್ರಲ್ಲಿ ನನ್ನ ಮೀರಿಸೋನು ಇನ್ನೂ ಹುಟ್ಟಿಲ್ಲ. ಮೊನ್ನೆ ಹದ್ದೇ ನನಗೆ ದಾರಿ ಬಿಟ್ಟಿತು.

ಹಾರೋ ಮಂತ್ರ ನಮ್ಮ ನಾಲ್ಕು ಮನೆ ಗಂಡಸರಿಗಷ್ಟೇ ಅಂತಿತ್ತು. ಗಂಡುಮಕ್ಕಳಿಲ್ಲ ಅಂತ ನಿಮ್ಮಪ್ಪ ಸಾಯೋ ಮುಂಚೆ ನಿನ್ನ ಕಿವೀಲಿ ಹೇಳಿ ಹೋದ. ನೀನು ಹಾರೋರ ಗುಂಪಿಗೆ ಮುಖಂಡಳಾಗಿದ್ದೇ ತಡ, ಎಸ್ಟೇಟ್ ಲೈನಿನ ಕೂಲಿ ಹೆಂಗಸರನ್ನೆಲ್ಲ ಕೂರಿಸಿ ಹೇಳಿಕೊಟ್ಟೆ. ಹೇಳಿಕೊಟ್ಟವರಿಗೆ ಮಂತ್ರ ಉಳಿಯಲ್ಲ, ಬೇರೆಯವರು ತಮ್ಮದನ್ನು ಕಳ್ಕೊಂಡು ಕಿವಿಯಲ್ಲಿ ಹೇಳಿದರಷ್ಟೇ ಮತ್ತೆ ಬರೋದು ಅಂತ ಗೊತ್ತಿದ್ದೂ ಹೇಳಿದೆ. ಕೊನೆಗೆ ನಿನ್ನಿಂದ ಕಲಿತವರೇ "ಹಾರೋಕೆ ಬಾರದವಳು ನಮಗೆಂಥ ಮುಖಂಡಳು" ಅಂತ ಇಳಿಸಿಬಿಟ್ಟರು.

ಅವತ್ತು ನೀನು ಗಂಟು ಹೊತ್ತು ಘಾಟಿ ರಸ್ತೆಯಲ್ಲಿ ನಡೆದು ಹೋಗೋದನ್ನ ಮೇಲಿಂದ ನೋಡಿದೆ. ಇಳಿದು ಜೊತೆಗೆ ನಡೀಬೇಕಿತ್ತು ಕಣವ್ವ.

ಕುಂದೂರಲ್ಲಿ ಕೂತಿದ್ದು ಸಾಕು, ಭಾನುವಾರ ಮನೆಗೆ ಬಾ. ನಿಮ್ಮತ್ತೆ ಹೊಸ ಮೊರಕ್ಕೆ ಸಗಣಿ ಸಾರಿಸಿ ಒಣಗಿಸವ್ಳೆ. ನಿನ್ನ ಕಿವೀಲಿ ಒಂದು ಮಾತು ಹೇಳೋದೈತೆ.

ಬರುವಾಗ, ಬಿಸಿಲೆಯಿಂದ ಸಕಲೇಶಪುರಕ್ಕೆ ಬೆಳಗ್ಗೆ ಬಸ್ಸು ಎಷ್ಟೊತ್ತಿಗೆ ಅಂತ ಕೇಳ್ಕೊಂಡು ಬಾ. ಸೋಮವಾರ ನನಗೆ ಅಲ್ಲಿ ಕೆಲಸ ಐತೆ. ಬಸ್ಸು ಹತ್ತಿ ಅಭ್ಯಾಸವಿಲ್ಲ.

ನಿನ್ನ ಮಾವ,
ಗುಂಡಯ್ಯ