ಹದಿನಾರು ಗಜ ಬಟ್ಟೆ

ಮೇ 6, ಬೆಳಿಗ್ಗೆ

ಒಂಬತ್ತನೇ ನೆರಿಗೆ ಮತ್ತೆ ಬಿಚ್ಚಿದೆ. ಗೆರೆಗೆ ಗೆರೆ ಕೂಡಲಿಲ್ಲ. ಟೀ ಆರಿಹೋಯಿತು.

ಫಾರ್ಕರ್ ಬಂದಿದ್ದರು — ಹಿಂದೆ ದೋಣಿ ನಡೆಸುತ್ತಿದ್ದವರು. ಸೆಪ್ಟೆಂಬರಿನಲ್ಲಿ ಮಗಳ ಮದುವೆ. ಅವತ್ತು ಉಡಲು ತಮಗೆ ಕಿಲ್ಟ್ ಬೇಕಂತೆ, ನಮ್ಮ ಗಂಡಸರ ನೆರಿಗೆ ಲಂಗ; ಅದೂ ತಾಯಿ ಮನೆತನದ ಟಾರ್ಟನ್ನಿನಲ್ಲೇ, ಆ ಮನೆಯವರದೇ ಚೌಕಳಿ ಬಟ್ಟೆಯಲ್ಲಿ. ಕಡುಹಸಿರು, ನಡುವೆ ತೆಳು ಹಳದಿ ಗೆರೆ. ಅದು ಯಾವ ಮಿಲ್ಲಿನಲ್ಲೂ ಸಿದ್ಧವಿಲ್ಲ, ನೇಯಿಸಬೇಕು. ಒಂದು ಕಿಲ್ಟಿಗೆ ಎಂಟು ಗಜ. ಮಿಲ್ಲಿನವರೋ ಹದಿನಾರಕ್ಕಿಂತ ಕಡಿಮೆ ನೇಯುವುದಿಲ್ಲ. ಬಟ್ಟೆಗೇ ಎಂಟುನೂರು ಪೌಂಡ್, ನನ್ನ ಹೊಲಿಗೆ ಬೇರೆ. ಹೇಳಿದೆ. ಟೋಪಿ ತಿರುಗಿಸುತ್ತಾ ಕೂತರು.

ಮೇ 7

ಮತ್ತೆ ಬಂದರು. "ಪ್ರವಾಸಿಗಳ ಅಂಗಡೀಲಿ ಅರವತ್ತಕ್ಕೆ ಕೊಡ್ತಾರೆ. ನೀನೇನು ಚಿನ್ನದ ದಾರದಲ್ಲಿ ಹೊಲೀತೀಯಾ, ಈಶ್ಬೆಲ್?"

ಸಿಟ್ಟು ಬಂತು. ಹೊಲಿಯುತ್ತಿದ್ದ ಕಿಲ್ಟನ್ನು ಅವರ ಕೈಗೆ ಕೊಟ್ಟೆ. ಇಷ್ಟು ನೆರಿಗೆ ಹಿಡಿದರೂ ಚೌಕ ಎಲ್ಲೂ ಕೆಟ್ಟಿಲ್ಲ, ಬಟ್ಟೆಯೆಲ್ಲ ಒಳಗೆ ಅಡಗಿದೆ. ಕೈಯಲ್ಲೇ ತೂಗಿ ನೋಡಿ ಮೇಜಿನ ಮೇಲಿಟ್ಟರು.

ಅದೇ ಬಣ್ಣ ಬೇಕಾದವರು ಇನ್ನೊಬ್ಬರು ಸಿಕ್ಕರೆ ಬಟ್ಟೆಗೆ ಅರ್ಧ ಬೆಲೆ ಸಾಕು ಎಂದೆ.

"ಒಬ್ಬ ಇದ್ದಾನೆ. ನನ್ನ ಪಾಲಿಗೆ ಇಲ್ಲ."

ಅವರ ತಮ್ಮ ಮರ್ಡೊ. ವಿಕ್ ಊರಲ್ಲಿದ್ದಾನೆ. ತಾಯಿಯ ಶವಪೆಟ್ಟಿಗೆ ಗುಂಡಿಗೆ ಇಳಿಸುವಾಗ ತಲೆಯ ಕಡೆಯ ಹಗ್ಗ ಹಿಡಿಯುವ ಹಕ್ಕು ಹಿರಿಮಗನದು. ಅದನ್ನು ಮರ್ಡೊ ಹಿಡಿದುಬಿಟ್ಟ. ಹನ್ನೊಂದು ವರ್ಷದಿಂದ ಮಾತಿಲ್ಲ.

ಮೇ 19

ಊರ ಉಸಾಬರಿ ನನಗ್ಯಾಕೆ? ಆದರೂ ಮರ್ಡೊಗೆ ಫೋನ್ ಮಾಡಿ ಬಟ್ಟೆಯ ವಿಷಯ ಹೇಳಿದೆ. ಮೇ ಮುಗಿಯುವುದರೊಳಗೆ ಮಿಲ್ಲಿಗೆ ಹೇಳದಿದ್ದರೆ ಮದುವೆಗೆ ಬಟ್ಟೆ ಬರುವುದಿಲ್ಲ.

ಮರ್ಡೊ ಕೇಳಿದ್ದು ಒಂದೇ ಮಾತು: "ಅವನೇ ಹೇಳಿ ಫೋನ್ ಮಾಡಿಸಿದನಾ?"

ಸುಳ್ಳು ಹೇಳಬಹುದಿತ್ತು. ಇಲ್ಲ ಎಂದೆ. ಫೋನ್ ಇಟ್ಟುಬಿಟ್ಟ. ನಾಚಿಕೆಯಾಯಿತು.

ಮೇ 30

ವಿಕ್‌ನಿಂದ ಲಕೋಟೆ. ಚೆಕ್ ಎಂಟು ಗಜಕ್ಕಲ್ಲ, ಹದಿನಾರಕ್ಕೂ. ಜೊತೆಗೊಂದು ಚೀಟಿ: "ಹಗ್ಗ ಅವನದೇ ಆಗಿತ್ತು."

ಫಾರ್ಕರ್‌ಗೆ ತೋರಿಸಿದೆ. ಓದಿ ಕಿಟಕಿಯ ಕಡೆ ತಿರುಗಿ ನಿಂತರು. ಆಮೇಲೆ, ಅರ್ಧ ನಾನೇ ಕೊಡುತ್ತೇನೆ, ದಾನ ಬೇಡ ಎಂದರು. ಚೀಟಿ ಮಾತ್ರ ವಾಪಸು ಕೊಡಲಿಲ್ಲ.

ಆಗಸ್ಟ್ 12, ಹನ್ನೊಂದು ಗಂಟೆ

ಬಟ್ಟೆ ಬಂದಿದೆ. ಒಂದೇ ತುಂಡು. ಹಳದಿ ಗೆರೆ ಚೆನ್ನಾಗಿ ಬಂದಿದೆ.

ತನ್ನ ಕಿಲ್ಟಿಗೆ ಅಳತೆ ಕೊಡಲು ಮರ್ಡೊ ಇವತ್ತು ಬರಬೇಕು. ಫಾರ್ಕರ್ ಒಂಬತ್ತಕ್ಕೇ ಬಂದು ಕೂತಿದ್ದಾರೆ. ಕತ್ತರಿ ತೆಗೆದುಕೊಂಡೆ, ಈಗಲೇ ಬೇಡ ಎಂದರು. ಬಟ್ಟೆ ಬಿಚ್ಚಿ ಹಾಸಲು ಎರಡೂ ಕಡೆ ಜನ ಬೇಕಲ್ಲ. ಒಂದು ತುದಿ ಅವರೇ ಹಿಡಿದರು. ಇನ್ನೊಂದಕ್ಕೆ ನಾನು ಕೈ ಹಾಕಿದೆ.

"ಅದನ್ನು ಬಿಡಮ್ಮ. ಅವನು ಹಿಡೀತಾನೆ."

ಕಾಲು ಗಂಟೆಯಿಂದ ಹಾಗೇ ನಿಂತಿದ್ದಾರೆ. ಕೂತುಕೊಳ್ಳಿ ಎಂದರೆ ಕೇಳುವುದಿಲ್ಲ. ಮಾಡಲು ಕೆಲಸವಿಲ್ಲ, ಇದನ್ನು ಬರೆಯುತ್ತಿದ್ದೇನೆ. ಕಿಟಕಿಯಾಚೆ ವಿಕ್ ಬಸ್ಸು ಬಂತು. ಇಳಿದವರಲ್ಲಿ ಒಬ್ಬ ಅಣ್ಣನ ಹಾಗೇ ಟೋಪಿ ತಿರುಗಿಸುತ್ತಾ ಈ ಕಡೆಗೇ —