ಎನಕ್ ಹೊರಗಿದ್ದಾನೆ

4 ಫೆಬ್ರವರಿ 1918, ಸೋಮವಾರ

ಎಂಟು ಅಂಚೆ ಚೀಲ ಹೊಲಿದೆ. ಬೆರಳು ಸೆಟೆದಿವೆ. ಬರೆಯುತ್ತಿರುವುದು ಶೌಚದ ಕಾಗದದ ಮೇಲೆ, ಉಗುರುದ್ದದ ಪೆನ್ಸಿಲ್ ಚೂರಿನಿಂದ. ಯುದ್ಧಕ್ಕೆ ಹೋಗುವುದಿಲ್ಲ, ನನ್ನಂಥ ಜರ್ಮನ್ ಕೂಲಿಕಾರನನ್ನು ಕೊಲ್ಲುವುದಿಲ್ಲ ಎಂದು ಹೇಳಿ ಜೈಲಿಗೆ ಬಂದು ಇಪ್ಪತ್ತು ತಿಂಗಳು. ಜೊತೆಗೇ ಬಂದ ಗೆಳೆಯ ಎನಕ್ ಈಗ ಪಕ್ಕದ ಕೋಣೆಯಲ್ಲಿಲ್ಲ. ಎದೆರೋಗವೆಂದು ಜನವರಿಯಲ್ಲಿ ಬಿಟ್ಟರು. ನಮ್ಮೂರು ನೆಲ್ಸನ್‌ಗೆ, ನಮ್ಮ ಬೀದಿಗೇ ಹೋಗಿದ್ದಾನೆ.

ಹೆಂಡತಿ ಹೆಟ್ಟಿಯ ಕಾಗದ ಬಂತು. ಎರಡು ಪುಟ. ಎನಕ್ ಹೆಸರು ಏಳು ಸಲ. ನನ್ನದು ಮೇಲೆ, ಒಂದು ಸಲ.

11 ಫೆಬ್ರವರಿ

ಮತ್ತೆ ಎಣಿಸಿದೆ. ಏಳೇ. ನಮ್ಮ ಕಾರ್ಮಿಕ ಪಕ್ಷದ ಸಭೆಯಲ್ಲಿ ಹೆಟ್ಟಿ ಭಾಷಣ ಮಾಡಿದಳಂತೆ. ನಮ್ಮ ಅಡುಗೆಮನೆಯಲ್ಲಿ ಕೂತು ಎನಕ್ ಅದನ್ನು ಬರೆಸಿದನಂತೆ. ನನಗಿಂತ ಚೆನ್ನಾಗಿ ನಗಿಸುತ್ತಾನೆ, ಬಲ್ಲೆ. ಆ ಕೆಮ್ಮು ನಾಟಕವಿರಬಹುದೇ? ...ಛೆ. ಗೋಡೆಯಾಚೆ ರಾತ್ರಿಯಿಡೀ ಕೆಮ್ಮಿದ್ದನ್ನು ನಾನೇ ಕೇಳಿದ್ದೇನೆ.

2 ಮಾರ್ಚ್

ಹೆಟ್ಟಿ ಬಂದಿದ್ದಳು. ಇಪ್ಪತ್ತು ನಿಮಿಷ. ನಡುವೆ ಜಾಲರಿ, ಪಕ್ಕದಲ್ಲಿ ವಾರ್ಡರ್.

“ಎಷ್ಟು ಸೊರಗಿದೀಯ ಏಮೊಸ್...”

“ಅವನು ದಿನಾ ಬರ್ತಾನಾ?”

“ಯಾರು, ಎನಕ್ಕಾ? ಎಲ್ಲಿ ಬರ್ತಾನೆ! ಹಾಸಿಗೆ ಹಿಡಿದಿದ್ದಾನೆ. ಮಿಲ್ ಮುಗಿಸ್ಕೊಂಡು ನಾನೇ ಹೋಗಿ ಗಂಜಿ ಕುಡಿಸಿ ಬರ್ತೀನಿ.”

“ಇನ್ಮೇಲೆ ಹೋಗ್ಬೇಡ.”

ಹೆಟ್ಟಿ ಜಾಲರಿಯ ಹತ್ತಿರಕ್ಕೆ ಬಂದಳು. ಆಮೇಲೆ — “ಅಪ್ಪಣೆನಾ? ಯಾರ ಅಪ್ಪಣೆಗೂ ಬಗ್ಗಲ್ಲ ಅಂತ ಒಳಗೆ ಕೂತಿರೋನು ನೀನು. ನನಗೆ ಅಪ್ಪಣೆ ಮಾಡ್ತೀಯಾ?”

ವಾರ್ಡರ್ ಕಿಸಕ್ಕೆಂದ. “ರಣರಂಗಕ್ಕೆ ನಿನ್ನ ಹೆಂಡ್ತೀನ ಕಳಿಸ್ಬೇಕಿತ್ತು ಕಣಯ್ಯ.”



19 ಮಾರ್ಚ್

ಪಾದ್ರಿ ಬಾಗಿಲಲ್ಲೇ ನಿಂತು ಹೇಳಿದರು. ಎನಕ್ ಭಾನುವಾರ ತೀರಿಕೊಂಡ. ಹೆಟ್ಟಿಯ ತಂತಿ ಬಂದಿದೆ. ಕೊನೆಯವರೆಗೂ ಅವನ ಕೈ ಹಿಡಿದು ಕೂತಿದ್ದಳಂತೆ.

ನಾನು ಅತ್ತೆ. ಅತ್ತು ಮುಗಿಯುವ ಮೊದಲೇ ಇನ್ನೊಂದು ಯೋಚನೆ — ಅವಳ ಕೈ ಮುಟ್ಟಿ ನನಗೆ ಇಪ್ಪತ್ತೊಂದು ತಿಂಗಳಾಯಿತು. ಸತ್ತವನ ಮೇಲೂ ಹೊಟ್ಟೆಕಿಚ್ಚು. ಮನುಷ್ಯಕುಲವೆಲ್ಲ ಬಂಧುಗಳೆಂದು ಸೇನಾ ವಿನಾಯಿತಿಯ ನ್ಯಾಯಮಂಡಳಿಯ ಮುಂದೆ ಗಂಟಲು ಹರಿದುಕೊಂಡವನು ನಾನೇ.

24 ಮಾರ್ಚ್, ಸಂಜೆ

ಪೆನ್ಸಿಲ್ ಚೂರು ಅಕ್ಕಿಕಾಳಷ್ಟು ಉಳಿದಿದೆ. ನಾಳೆ ಹೆಟ್ಟಿಗೆ ತಿಂಗಳ ಕಾಗದ ಬರೆಯಲು ಬಿಡುತ್ತಾರೆ. ಏನು ಬರೆಯಲಿ? ನೀನು ಹೋಗಿದ್ದು ಸರಿ, ನಾನು ತಡೆದದ್ದು ತಪ್ಪು — ಇಷ್ಟು ಬರೆಯಬಲ್ಲೆ. ಅವನಿಗೆ ಮುತ್ತು ಕೊಟ್ಟೆಯಾ ಎಂದು ಕೇಳುವುದಿಲ್ಲ. ಕೇಳಬಾರದು. ಕೊಟ್ಟಿದ್ದರೂ, ಪಾಪ, ಅವನಿಗೆ ಬೇರೆ ಯಾರಿದ್ದರು, ಕೊಟ್ಟಿದ್ದರೆ ಒಳ್ಳೆಯದೇ ಆಯಿ—