ಒಂಬೈನೂರು ರೂಪಾಯಿ ಕಡಿಮೆಯ ಟಿಕೆಟ್

ಬನಹಟ್ಟಿ, 8 ಮಾರ್ಚ್ 2015, ರವಿವಾರ

ಇಲ್ಲಿಯೂ ಬರೆಯದೆ ಬಿಡುವವಳಿದ್ದೆ: 'ಕೈಚೀಲ ಮಾತ್ರ' ಎಂಬ ಇಂಗ್ಲಿಷ್ ಸಾಲನ್ನು ನಾನು ಓದಿದ್ದೆ. ಅದಕ್ಕೇ ಈ ವಿಮಾನದ ಟಿಕೆಟ್ ಇನ್ನೊಂದಕ್ಕಿಂತ ಒಂಬೈನೂರು ಕಡಿಮೆ. ನೆರೆಮನೆಯ ಬೋರವ್ವನ ಹತ್ತಿರ ಇರುವುದೇ ಒಂದು ಚೀಲವಲ್ಲವೇ ಎಂದುಕೊಂಡು ಅದನ್ನೇ ತೆಗೆಸಿಕೊಟ್ಟೆ.

ಮಧ್ಯಾಹ್ನ ಪುಣೆಯ ವಿಮಾನ ನಿಲ್ದಾಣದಿಂದ ಅವಳ ಫೋನು. "ಅಕ್ಕಾರ, ಮಾವನ ಲಾಳಿ ಕಸಗೊಂಡ್ರರಿ! ತುದಿಗೆ ಕಬ್ಬಿಣದ ಮೊನಿ ಐತಿ, ಕೈಯಾಗ ಒಯ್ಯಂಗಿಲ್ಲ ಅಂದ್ರು. ಸೀರಿ ನೇಯೂ ಲಾಳಿಲೆ ಯಾರನ್ನ ಚುಚ್ಚಲಿ ನಾ?"

ಇನ್ನೊಂದು ವಿಮಾನದಲ್ಲಾದರೆ ಅದು ವಿಮಾನದ ಕೆಳಗೆ ಹಾಕುವ ಸಾಮಾನಿನೊಂದಿಗೆ ಹೋಗುತ್ತಿತ್ತು. ಶುಕ್ರವಾರ ದಿಲ್ಲಿಯ ಮೇಳದಲ್ಲಿ ಅವಳು ಎಲ್ಲರೆದುರು ನೇಯಬೇಕು. ಆದರೂ ನಾನು ಅಂದದ್ದು, "ವಿಮಾನದವರದ ತಪ್ಪು ಬೋರವ್ವ."

ಅವಳ ಗಂಡ ವಿಠೋಬಾ ದಿಲ್ಲಿಗೆ ಕಳಿಸಲೆಂದು ತನ್ನ ಲಾಳಿ ಕೊಟ್ಟಿದ್ದಾನೆ. ಅದರೊಳಗೆ ನೂಲಿನ ಸುರುಳಿ ಕೂಡುವ ಜಾಗದಲ್ಲಿ ನನ್ನ ತಪ್ಪು ಬರೆದ ಚೀಟಿ ಮಡಚಿಟ್ಟಿದ್ದೇನೆ. ಪೋಸ್ಟಿಗೆ ಹಾಕುವುದು ನಾಳೆ, ಮಾರ್ಚ್ 9.